ಇಳಿಜಾರು ಟೀಚರ್

ಸುಳ್ಳು ಅಂತೀಯಾ? ಅನ್ನು. ಇಳಿಜಾರು ಟೀಚರ್ ಕೈಯಲ್ಲಿ ಓದಿದವರನ್ನು ಕೇಳಿ ನೋಡು. ಮೋಡಗಳು ಅವರ ಕಿಟಕಿಯ ಬಳಿ ನಿಂತು, ಎಲ್ಲಿ ಸುರಿದರೆ ಯಾರಿಗೂ ತೊಂದರೆಯಿಲ್ಲ ಎಂದು ಕೇಳಿಕೊಂಡು ಮುಂದೆ ಹೋಗುತ್ತಿದ್ದವು. ಹೋಗಲಿ, ಅದರಲ್ಲಿ ಅರ್ಧ ಕಳೆದುಬಿಡು. ಉಳಿದರ್ಧ ನಿಜ.

ಅವರು ಭೂಗೋಳ ಕಲಿಸುತ್ತಿದ್ದುದೇ ಪುಸ್ತಕ ಮುಚ್ಚಿಸಿ. ಮಳೆ ನಿಂತ ಕೂಡಲೇ ಮಕ್ಕಳನ್ನು ಬೀದಿಗಿಳಿಸಿ ನೀರಿನ ಹಿಂದೆ ನಡೆಸುತ್ತಿದ್ದರು.

"ನೀರು ಎಲ್ಲಿಗೆ ಹೊರಟಿದೆ, ಅದರ ದಾರಿಗೆ ಯಾರು ಗೋಡೆ ಕಟ್ಟಿದ್ದಾರೆ, ಬರ್ಕೊಳ್ರೋ. ಭೂಗೋಳ ಅಂದ್ರೆ ಇಷ್ಟೇ."

ಹತ್ತು ವರ್ಷ ಪಟ್ಟು ಹಿಡಿದು ಕೇಳಿದ ಮೇಲೆ ಶಾಲೆಗೊಂದು ಗ್ರಂಥಾಲಯ ಮಂಜೂರಾಯಿತು. ಜಾಗ ಗುರುತಿಸುವ ಕೆಲಸ ಟೀಚರಿಗೇ ಬಿತ್ತು. ಗಾರೆಯವರು ಮಟ್ಟ ನೋಡುತ್ತಾರಲ್ಲ, ನೀರು ತುಂಬಿದ ಉದ್ದನೆಯ ಪೈಪು, ಅದನ್ನು ತಂದರು. ಒಂದು ತುದಿ ಹಿಡಿದು ತಾವು ಗೇಟಿನ ಬಳಿ ನಿಂತರು. ಇನ್ನೊಂದನ್ನು ಹೆಡ್‌ಮಾಸ್ತರರು ಹಿಂದಿನ ಮೂಲೆಗೆ ಒಯ್ದರು. ಎರಡು ಕಡೆಯೂ ನೀರು ಒಂದೇ ಎತ್ತರ! ಟೀಚರು 'ಮೈದಾನ ಪೂರ್ತಿ ಸಮತಟ್ಟು' ಎಂದು ನಕ್ಷೆ ಬರೆದರು. ಹಿಂದಿನ ಮೂಲೆ ಗಲಾಟೆಯಿಲ್ಲದ ಜಾಗ, ಅಲ್ಲೇ ಕಟ್ಟುವುದೆಂದಾಯಿತು.

ಪಾಯ ತೆಗೆಯುವ ದಿನ ಬೆಳಿಗ್ಗೆ ಜೋರು ಮಳೆ. ನೀರು ಗೇಟಿನಿಂದ ನೆಟ್ಟಗೆ ಹಿಂದಿನ ಮೂಲೆಗೇ ಓಡಿತು. ಟೀಚರು ಅದರ ಹಿಂದೆಯೇ ಓಡಿದರು. ಬಾಯಿ ಮುಚ್ಚಿಕೊಂಡಿದ್ದರೆ ಅವರ ಮಾನ ಉಳಿಯುತ್ತಿತ್ತು, ಪುಸ್ತಕಗಳು ಉಳಿಯುತ್ತಿರಲಿಲ್ಲ.

"ಗುದ್ದಲಿ ಕೆಳಗಿಡಿ! ನನ್ನ ನಕ್ಷೆ ತಪ್ಪು," ಎಂದು ಎಲ್ಲರೆದುರೇ ಕೂಗಿದರು.

ಮತ್ತೆ ಪೈಪು ಹಿಡಿದರು. ಗಾರೆ ಮೇಸ್ತ್ರಿ ಹೆಡ್‌ಮಾಸ್ತರರ ಕೈ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ್ರೆ ನೀರು ಹೆಂಗೆ ಸಾರ್ ಅಲ್ಲಾಡುತ್ತೆ?"

"ಹೊಸ ಪ್ಯಾಂಟು ಕಣಯ್ಯಾ. ಚೆಲ್ಲಿದ್ರೆ?"

"ಅಯ್ಯೋ ಸಾರ್, ಹೋದ ಸಲಾನೂ ಹಿಂಗೇ ಒತ್ತಿದ್ರಾ?" ಎಂದರು ಟೀಚರು.

"ಹೋದ ಸಲ ಇದು ಇನ್ನೂ ಹೊಸದಿತ್ತಲ್ಲಮ್ಮಾ!"

ಬೆರಳು ತೆಗೆದದ್ದೇ ತಡ, ನೀರು ಉಕ್ಕಿ ಪ್ಯಾಂಟು ತೊಪ್ಪೆಯಾಯಿತು. ಆ ಮೂಲೆ ಮೊಣಕಾಲುದ್ದ ತಗ್ಗು!

"ನಿಮ್ಮ ತಪ್ಪೇನಿಲ್ಲ ಬಿಡಿ ಸಾರ್. ಇನ್ನೊಂದ್ಸಲ ನೋಡದೆ ಬರೆದವಳು ನಾನು," ಎಂದು ಟೀಚರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಗ್ರಂಥಾಲಯ ಗೇಟಿನ ಪಕ್ಕ ಎದ್ದಿತು. ಹಿಂದಿನ ಮೂಲೆಯನ್ನು ನೀರಿಗೇ ಬಿಟ್ಟುಕೊಟ್ಟರು. ಒಂದು ಪುಸ್ತಕವೂ ನೆನೆಯಲಿಲ್ಲ. ಆ ಹೊಂಡದಲ್ಲಿ ಸೇರಿಕೊಂಡ ಕಪ್ಪೆಗಳೋ, ಟೀಚರು ಹಾಜರಿ ಕೂಗಿದರೆ ಸಾಲಾಗಿ ಎದ್ದು ನಿಂತು... ಮತ್ತೆ ನಗ್ತೀಯಾ? ಕಣ್ಣಾರೆ...

"ರೀ, ಕಪ್ಪೆ ಕೂತ್ಕೊಳ್ಳಲಿ, ನೀವು ಏಳಿ! ಊಟ ಆರಿ ಹೋಗ್ತಿದೆ."