ತಿದಿಯ ಹಿಂದೆ ನಿಂತವರು

ಇತ್ತೀಚೆಗೆ ನನಗೆ ಬೇಗ ದಣಿವಾಗುತ್ತದೆ. ಸಾಂಗಲಿಯಿಂದ ಮಿರಜ ಏನು ಕಾಶಿಯಲ್ಲ. ಆದರೂ ಶೇರ್ ರಿಕ್ಷಾದಲ್ಲಿ ಮೊಣಕಾಲು ಮಡಚಿ ಕೂತು ಹೋಗಿ, ಒಂದೆರಡು ತಾಸು ಆರ್ಗನ್ ನುಡಿಸಿ, ಮತ್ತೆ ಹಾಗೇ ಮಡಚಿಕೊಂಡು ಮನೆಗೆ ಬಂದರೆ ಚಪ್ಪಲಿ ಬಿಟ್ಟ ಜಾಗದಲ್ಲೇ ಕೂತುಬಿಡುತ್ತೇನೆ. ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಮರಾಠಿಯಲ್ಲೇ ಗದರುತ್ತಾಳೆ, ‘ಆಯೀ, ಆತಾ ಪುರೇ ಕರ’ ಎಂದು. ಸಾಕು ಮಾಡು ಅನ್ನುವುದು ಸುಲಭ. ‘ಸಾಕು ಮಾಡಿ ಏನ ಮಾಡ್ಲಿ, ಹಪ್ಪಳ ಒತ್ಲಿ?’ ಎಂದು ನಾನು ಕನ್ನಡದಲ್ಲಿ ಕೇಳುತ್ತೇನೆ. ಅವಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತದೆ.

ನನ್ನ ಅಪ್ಪ ಸಂಗೀತ ನಾಟಕಗಳಿಗೆ ಆರ್ಗನ್ ಸಾಥ್ ಕೊಡುತ್ತಿದ್ದರು. ಕಾಲಿನಿಂದ ತುಳಿದು ಗಾಳಿ ತುಂಬುವ, ಮೇಜಿನಂಥ ಆರ್ಗನ್. ನಾನು ಮೊದಲು ಕಲಿತದ್ದು ಅದನ್ನೇ. ಅದರದೊಂದು ಸುಖವೆಂದರೆ ತುಳಿಯುವ ಕಾಲೂ ನಮ್ಮದೇ, ನುಡಿಸುವ ಕೈಯೂ ನಮ್ಮದೇ. ದಣಿದರೆ ನಾವೇ ದಣಿಯಬೇಕು, ಇನ್ನೊಬ್ಬರ ಹಂಗಿಲ್ಲ.

ಮಿರಜದ ಚರ್ಚಿನ ಆರ್ಗನ್ ಹಾಗಲ್ಲ. ಮುನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಇದ್ದಂಥ ಒಂದು ಸಣ್ಣ ಆರ್ಗನ್ನಿನ ಅಳತೆ ಹಿಡಿದು, ತಂಬೂರಿ ಮಾಡುವ ಗಲ್ಲಿಯವರೂ ಒಬ್ಬ ಪರದೇಶಿ ಕುಶಲಕರ್ಮಿಯೂ ಕೂಡಿ ಹೊಸದಾಗಿ ಕಟ್ಟಿದ್ದು. ಮರದ ಕೊಳವೆ, ತವರದ ಕೊಳವೆ, ಕುರಿಯ ಚರ್ಮದ ಎರಡು ತಿದಿ. ಶ್ರುತಿಯೂ ಹಳೆಯ ಕಾಲದ್ದೇ. ಕೆಲವು ಸ್ವರಗಳು ಜೊತೆಯಾದರೆ ಬಲು ಹಿತ, ಇನ್ನು ಕೆಲವು ಜೊತೆಯಾದರೆ ಹುಣಸೆಕಾಯಿ ಕಚ್ಚಿದ ಹಾಗೆ. ಆ ಕಾಲದ ಬರೋಕ್ ಸಂಗೀತವನ್ನು ಆ ಕಾಲದ ವಾದ್ಯದಲ್ಲೇ ಕೇಳಬೇಕೆಂಬುದು ಅಲ್ಲಿಯ ಪಾದ್ರಿಗಳ ಹಂಬಲ. ಎಲ್ಲೆಲ್ಲೋ ಹುಡುಕಿ ಕೊನೆಗೆ ಅವರಿಗೆ ಸಿಕ್ಕವಳು ನಾಟಕದ ಆರ್ಗನ್ನಿನವರ ಮಗಳಾದ ನಾನು. ಪಾಶ್ಚಾತ್ಯ ಸ್ವರಲಿಪಿಯನ್ನು ತಡವರಿಸದೆ ಓದುವುದು ಬರುವಷ್ಟರಲ್ಲಿ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

ಈ ಆರ್ಗನ್ನಿಗೆ ಗಾಳಿ ಹಾಕಲು ಬೇರೆಯವರೇ ಬೇಕು. ಹಿಂದುಗಡೆ ಇರುವ ಎರಡು ತಿದಿಗಳಿಗೂ ಒಂದೊಂದು ಉದ್ದನೆಯ ಮರದ ಹಿಡಿಕೆ ಇದೆ. ಹಿಡಿಕೆಯನ್ನು ಕೆಳಕ್ಕೆ ಒತ್ತಿದರೆ ತಿದಿ ಗಾಳಿ ಎಳೆದುಕೊಂಡು ಏರುತ್ತದೆ, ಆಮೇಲೆ ತನ್ನ ಮೇಲಿಟ್ಟ ಕಲ್ಲಿನ ಭಾರಕ್ಕೆ ಮೆಲ್ಲಗೆ ಇಳಿಯುತ್ತ ಕೊಳವೆಗಳಿಗೆ ಗಾಳಿ ಕೊಡುತ್ತದೆ. ಒಂದು ಇಳಿಯುವುದರೊಳಗೆ ಇನ್ನೊಂದನ್ನು ಏರಿಸಿಟ್ಟಿರಬೇಕು. ಮೊದಮೊದಲು ಚರ್ಚಿನ ಮಾಲಿ ಬರುತ್ತಿದ್ದ. ಬಾವಿಯಿಂದ ನೀರು ಸೇದುವವನ ಹಾಗೆ ಜಗ್ಗುತ್ತಿದ್ದ, ಸ್ವರ ಬಿಕ್ಕುತ್ತಿತ್ತು. ಅವನು ಬಾರದ ಒಂದು ದಿನ, ನನ್ನನ್ನು ಕರೆದೊಯ್ಯಲು ಬಂದು ಹೊರಗೆ ಕಾಯುತ್ತಿದ್ದ ನನ್ನ ಗಂಡ ಒಳಗೆ ಬಂದರು. ನಮ್ಮದು ಅರಿಶಿನದ ಅಡತಿ ವ್ಯಾಪಾರ. ಅವರ ಹಣೆಯ ಮೇಲೆ ವಿಭೂತಿ, ಅಂಗಿಯ ತೋಳಿಗೆಲ್ಲ ಹಳದಿ. ‘ಅದರಾಗೇನದ, ನಾ ಹಾಕ್ತೀನಿ ತಗೋ’ ಎಂದರು. ಅಂದು ಹಿಡಿದ ಹಿಡಿಕೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ.

ಸಾ ಯಾವುದು, ಪಾ ಯಾವುದು ಎಂದು ತಿಳಿಯದ ಮನುಷ್ಯ ಅವರು. ‘ಕೋಣನ ಮುಂದ ಕಿನ್ನರಿ ಬಾರಿಸಿಧಂಗ’ ಎಂದು ಅತ್ತೆಯವರು ತಮ್ಮ ಮಗನನ್ನೇ ಚೇಷ್ಟೆ ಮಾಡುತ್ತಿದ್ದರು. ಆದರೆ ಯಾವ ಕೃತಿಯಲ್ಲಿ ಎಲ್ಲಿ ಗಾಳಿ ಹೆಚ್ಚು ಬೇಕು, ಎಲ್ಲಿ ಕಡಿಮೆ ಸಾಕು ಎಂಬುದೆಲ್ಲ ಅವರ ರಟ್ಟೆಗೆ ಗೊತ್ತಿತ್ತು. ನಾನು ನುಡಿಸುವ ಕೃತಿಗಳಲ್ಲಿ ಒಂದು ಬಲು ಉದ್ದನೆಯದಿದೆ. ಮೊದಲ ಭಾಗದಲ್ಲಿ ಎಲ್ಲ ಕೊಳವೆಗಳೂ ಒಮ್ಮೆಲೇ ಬಾಯಿ ತೆರೆಯುತ್ತವೆ. ನಡುವೆ ಎರಡೇ ಎಳೆಯ ಸಣ್ಣ ದನಿ, ಆಗ ಒಂದು ತಿದಿ ಬಹಳ ಹೊತ್ತು ಬಾಳುತ್ತದೆ, ಅವರು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ‘ನೀರಿನ ಜಾಗ’ ಎಂದು ಅದಕ್ಕೆ ಅವರೇ ಹೆಸರಿಟ್ಟಿದ್ದರು. ಆಮೇಲಿನದು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಭಾರದ ಭಾಗ. ಅದು ಮುಗಿಯಲು ಬಂದಾಗ ಅವರಿಗೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು, ಕೊನೆಯ ಸ್ವರಮೇಳಕ್ಕೆ ಬೇಕಾದ ಗಾಳಿಯನ್ನು ತುಂಬಿಟ್ಟುಕೊಂಡು ನಿಂತಿರುತ್ತಿದ್ದರು. ನಮ್ಮ ಸಂಸಾರದಲ್ಲಿ ಅಂಗಡಿ ಅವರದು, ಅಡಿಗೆ ನನ್ನದು, ಮಗಳ ಸಾಲೆ ನನ್ನದು, ಬಂಧುಬಳಗದ ಮದುವೆ ಮುಂಜಿ ಅವರದು. ಇಬ್ಬರೂ ಕೂಡಿ ಮಾಡಿದ ಕೆಲಸ ಅಂತ ಇದ್ದರೆ ಇದೊಂದೇ.

ಆಮೇಲೆ ಅವರ ಎದೆ ಕೈಕೊಟ್ಟಿತು. ದವಾಖಾನೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಕಳಿಸಿದರು. ಭಾರ ಎತ್ತುವುದು, ಜಗ್ಗುವುದು, ಒತ್ತುವುದು ಯಾವುದೂ ಕೂಡದು ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ಚರ್ಚಿನಲ್ಲಿ ಗಾಳಿ ಊದುವ ವಿದ್ಯುತ್ ಮೋಟಾರು ಯಾರೋ ದಾನ ಕೊಟ್ಟದ್ದು ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಜೋಡಿಸೋಣ ಎಂದು ನಾನು ಅಂದದ್ದೇ ತಡ, ಅವರ ಮುಖ ಸಣ್ಣದಾಯಿತು.

‘ಮೋಟಾರ ಬಂದ್ರ ನಾ ಅಲ್ಲಿ ಏನ ಮಾಡ್ಲಿ? ಬಾಗಲಾಗ ಕುಂತು ಚಪ್ಪಲಿ ಕಾಯ್ಲಿ?’

‘ಮನ್ಯಾಗ ಆರಾಮ ಇರ್ರಿ. ಜೀವಾ ಇದ್ರ ಎಲ್ಲಾ.’

‘ಆರಾಮ ಇದ್ದು ಇದ್ದು ಸಾಯೂದಕ್ಕಿಂತ ಇದ ಛಲೋ.’

ಇಂಥ ಮಾತಿಗೆ ನನ್ನ ಪಿತ್ತ ನೆತ್ತಿಗೇರುತ್ತದೆ. ಬೈದೆ, ಮಗಳಿಂದ ಬೈಸಿದೆ, ಅನ್ನ ಬಿಟ್ಟೆ. ಗೋಡೆಗೆ ಹೇಳಿದ ಹಾಗಾಯಿತು. ಪಾದ್ರಿಗಳು ಆಗಲೇ ಒಂದು ಕಾರ್ಯಕ್ರಮ ಗೊತ್ತುಮಾಡಿದ್ದರು. ‘ಇದೊಂದು ಆಗಲಿ, ಆಮ್ಯಾಲ ನೋಡೂಣು’ ಎಂದರು ಇವರು. ಸೋತು ಒಪ್ಪಿಕೊಂಡೆ. ಹಗಲೂ ಇರುಳೂ ವಾದಿಸಿ ವಾದಿಸಿ ಸುಸ್ತಾಗಿ ಒಪ್ಪಿಕೊಂಡದ್ದು, ಮನಸ್ಸಿನಿಂದಲ್ಲ. ತಿದಿಯ ಹಿಂದೆಯೇ ಅವರು ಕುಸಿದುಬಿದ್ದರೆ ಅನ್ನುವ ಹೆದರಿಕೆ ಆವತ್ತಿನಿಂದ ನನ್ನನ್ನು ಬಿಡಲಿಲ್ಲ.

ಕಾರ್ಯಕ್ರಮದ ಸಂಜೆ ಚರ್ಚು ತುಂಬಿತ್ತು. ಮುಂದಿನ ಬೆಂಚುಗಳಲ್ಲಿ ಚರ್ಚಿನವರು, ಹಿಂದೆ ಸಾಂಗಲಿಯ, ಹರಿಪುರದ ಹಳೆಯ ನಾಟಕಪ್ರಿಯರು. ಅವರಿಗೆ ಬರೋಕ್ ಗೊತ್ತಿಲ್ಲ, ಅಪ್ಪನ ಹೆಸರು ಕೇಳಿ ಬಂದವರು. ಉದ್ದನೆಯ ಕೃತಿಯನ್ನು ಕೊನೆಗೆ ಇಟ್ಟಿದ್ದೆ. ಮೊದಲ ಭಾಗ ಅರ್ಧಕ್ಕೆ ಬಂದಾಗ ಒಂದು ಸ್ವರ ಕೂದಲೆಳೆಯಷ್ಟು ಇಳಿಯಿತು. ಕೇಳುವವರಿಗೆ ಅದು ತಿಳಿಯುವಂಥದ್ದಲ್ಲ. ತಿದಿ ಬದಲಾಗುವುದು ತಡವಾದರೆ ಮಾತ್ರ ಹಾಗಾಗುತ್ತದೆ, ಅವರು ಹಿಡಿಕೆ ಹಿಡಿದ ಮೇಲೆ ಒಮ್ಮೆಯೂ ಹಾಗಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಹಿಂದಿನಿಂದ ಉಸಿರಿನ ಸದ್ದು ಕೇಳಿಸಿದಂತಾಯಿತು. ಅದು ಚರ್ಮದ್ದೋ ಮನುಷ್ಯನದೋ ತಿಳಿಯಲಿಲ್ಲ. ತಿರುಗಿ ನೋಡುವಂತಿಲ್ಲ, ನಡುವೆ ಮರದ ಗೋಡೆ.

ಎದ್ದು ಓಡಬೇಕಿತ್ತೇನೋ. ಓಡಲಿಲ್ಲ. ಮೊದಲ ಭಾಗದ ಕೊನೆಗೆ ಬರುವ ಸ್ವರಮೇಳಗಳೂ ಕೃತಿಯ ಕಟ್ಟಕಡೆಗೆ ಬರುವವೂ ಹೆಚ್ಚುಕಡಿಮೆ ಒಂದೇ. ನಾನು ಅಲ್ಲಿಂದ ಇಲ್ಲಿಗೆ ಹಾರಿಬಿಟ್ಟೆ. ನಡುವಿನ ಸಣ್ಣ ದನಿಯನ್ನೂ ಆಮೇಲಿನ ದೊಡ್ಡ ಭಾಗವನ್ನೂ ಪೂರ್ತಿ ನುಂಗಿ, ಮುಕ್ತಾಯ ಮಾಡಿ ಕೈ ಎತ್ತಿದೆ. ಚಪ್ಪಾಳೆ ಬಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಮುದಿ ಗಂಟಲು ಕೂಗಿತು, ‘ವನ್ಸ್ ಮೋರ್’. ಚರ್ಚಿನಲ್ಲಿ ಅದು ಯಾರಾದರೂ ಕೂಗುವ ಮಾತೇ? ಆದರೆ ಸಾಂಗಲಿಯವರ ರಕ್ತದಲ್ಲೇ ಅದಿದೆ. ನಾಟ್ಯಪದ ಹಿಡಿಸಿದರೆ ಕೂಗುತ್ತಾರೆ, ಕೂಗಿದರೆ ಮತ್ತೆ ಹಾಡಬೇಕು, ಒಲ್ಲೆ ಅನ್ನುವ ಪದ್ಧತಿಯಿಲ್ಲ. ಇನ್ನೂ ನಾಲ್ಕಾರು ಜನ ದನಿ ಕೂಡಿಸಿದರು. ನಾನು ಎದ್ದು ನಿಂತು ಕೈಮುಗಿದು ತಲೆ ಅಲ್ಲಾಡಿಸಿದೆ. ಆಗ ಹಿಂದಿನಿಂದ ಹಿಡಿಕೆಯ ಕಿರ್ರೆನ್ನುವ ಸದ್ದು ಕೇಳಿಸಿತು. ತಿದಿ ಏರುತ್ತಿತ್ತು. ಒಂದು ತುಂಬಿತು, ಇನ್ನೊಂದೂ ತುಂಬಿತು. ಸಭೆ ನನ್ನ ಮುಖ ನೋಡುತ್ತಿತ್ತು, ಅವರು ಹಿಂದೆ ಗಾಳಿ ತುಂಬಿಕೊಂಡು ಕಾಯುತ್ತಿದ್ದರು. ನಾನು ಕೀಲಿಮಣೆಯ ಮುಚ್ಚಳ ಹಾಕಿದೆ. ‘ಗರ್ವ ನೋಡು’ ಎಂದು ಯಾರೋ ಮರಾಠಿಯಲ್ಲಿ ಅಂದದ್ದು ಸ್ಪಷ್ಟ ಕೇಳಿಸಿತು. ಅನ್ನಲಿ.

ಹಿಂದೆ ಹೋಗಿ ನೋಡಿದರೆ ಅವರು ಕಂಬಕ್ಕೆ ಒರಗಿ ನಿಂತಿದ್ದರು. ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ‘ಎದಿ ನೋಯ್ತದೇನ್ರಿ?’ ಎಂದು ಕೇಳಿದೆ. ಇಲ್ಲವೆಂದು ಕೈ ಆಡಿಸಿದರು. ಸಿಟ್ಟು ಬಂದರೆ ಬೈಯುವುದು ನನ್ನ ಜಾತಕ, ಸುಮ್ಮನಾಗುವುದು ಅವರದು. ಮನೆಗೆ ಬಂದು ಚಹಾ ಮಾಡಿ ಮುಂದಿಟ್ಟ ಮೇಲೆ ಬಾಯಿ ಬಿಟ್ಟರು.

‘ನೀರಿನ ಜಾಗ ಬರಲೇ ಇಲ್ಲಲ್ಲ.’

ನಾನು ಬಸಿಯನ್ನು ಅವರ ಕಡೆಗೆ ಸರಿಸಿದೆ.

‘ತಂಬಿಗಿಗೆ ಕೈ ಹಾಕೇನಿ, ನೀ ಮುಗಿಸಿಬಿಟ್ಟಿ. ನನ್ನ ಸಲುವಾಗಿ ಕತ್ತರಿಸಿದಿ, ಹೌದಿಲ್ಲೋ?’

‘ಹೌದು. ಮತ್ತೇನ ಮಾಡ್ಲಿ? ನೀವು ಸತ್ತು ಬಿದ್ರ ನಾ ಯಾರ ಮುಂದ ಬಾರಿಸ್ಲಿ?’

ಅವರು ಚಹಾ ಕುಡಿದು ಮುಗಿಸಿದರು. ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದರು.

‘ಅದನ್ನ ಕತ್ತರಸಬ್ಯಾಡ. ಕತ್ತರಸೂದಿದ್ರ ನನ್ನನ್ನ ಕತ್ತರಸು. ನಾಳೆ ಪಾದ್ರಿಗೆ ಹೇಳು, ಮೋಟಾರ ಹಚ್ಚಲಿ.’

ಗೆದ್ದೆ ಅನ್ನಬೇಕಿತ್ತು. ಏನೋ ಒಂದು ಹೊತ್ತುಕೊಂಡು ಹೋದದ್ದನ್ನು ದಾರಿಯಲ್ಲೇ ಬಿಟ್ಟು ಬಂದ ಹಾಗಾಯಿತು. ಆ ರಾತ್ರಿ ಇಬ್ಬರೂ ಊಟ ಮಾಡದೆ ಮಲಗಿದೆವು.

ಮೋಟಾರು ಬಂತು. ತಿದಿಗಳನ್ನು ಬಿಚ್ಚಲಿಲ್ಲ, ಪಕ್ಕದಿಂದ ಒಂದು ದಪ್ಪ ನಳಿಕೆ ಜೋಡಿಸಿದರು. ಗುಂಡಿ ಒತ್ತಿದರೆ ಜೇನುಹುಳುಗಳಂತೆ ಗುಂಯ್‌ಗುಡುತ್ತದೆ, ಎಷ್ಟು ಬೇಕೋ ಅಷ್ಟು ಗಾಳಿ. ಸ್ವರ ಕುಗ್ಗುವುದಿಲ್ಲ, ಎಲ್ಲಿಯೂ ಯಾರಿಗೂ ಕಾಯುವುದಿಲ್ಲ. ಮೊದಲು ಇವರು ತಿದಿ ಬದಲಿಸುವ ಹೊತ್ತಿಗೆ ನನ್ನ ಕೈಯೂ ಒಂದು ಚಣ ಉಸಿರು ಬಿಡುತ್ತಿತ್ತು ಎಂಬುದು ಆಗ ಗೊತ್ತಾಯಿತು. ಈಗ ಓಡುತ್ತಲೇ ಇರುತ್ತೇನೆ, ಅದಕ್ಕೇ ಈ ದಣಿವು.

ಮೊನ್ನೆ ಒಂದು ಮಧ್ಯಾಹ್ನ, ‘ನಾನೂ ಬರ್ತೀನಿ ನಡಿ’ ಎಂದರು. ಕಾರ್ಯಕ್ರಮದ ಸಂಜೆಯ ನಂತರ ಚರ್ಚಿನ ಕಡೆಗೆ ತಲೆ ಹಾಕಿರಲಿಲ್ಲ. ಪಾದ್ರಿಗಳು ‘ಬರ್ರಿ, ಕುಂದ್ರಿ’ ಎಂದು ತಮಗೆ ಬರುವ ಎರಡೇ ಕನ್ನಡ ಮಾತು ಆಡಿ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಇಷ್ಟು ವರ್ಷ ಈ ವಾದ್ಯದ ಬೆನ್ನನ್ನೇ ನೋಡಿದ ಮನುಷ್ಯ ಮೊದಲ ಸಲ ಅದರ ಮುಖ ನೋಡುತ್ತ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಬೇರೆ ಯಾರೂ ಇರಲಿಲ್ಲ. ನಾನು ಉದ್ದನೆಯ ಕೃತಿಯನ್ನೇ ತೆಗೆದುಕೊಂಡೆ. ಅವರಿಗಾಗಿ ಒಂದು ಸ್ವರವನ್ನೂ ಬಿಡದೆ, ಮೊದಲಿನಿಂದ ಕಡೆಯವರೆಗೆ ನುಡಿಸಿದೆ. ಇಷ್ಟು ಚೆನ್ನಾಗಿ ನಾನು ಅದನ್ನು ಹಿಂದೆಂದೂ ನುಡಿಸಿರಲಿಲ್ಲ.

ಕೊನೆಯ ಸ್ವರಮೇಳ ಹಿಡಿದು, ಬಿಟ್ಟು, ತಿರುಗಿ ನೋಡಿದೆ. ಅವರು ಇನ್ನೂ ಮುಂದಕ್ಕೆ ಬಾಗಿ ಕೊಳವೆಗಳನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ಕೂತದ್ದು ಕಂಡು ಮೆಲ್ಲಗೆ ಕೇಳಿದರು:

‘ಮುಗೀತೇನ?’

ಒಂದು ಕಾಲಕ್ಕೆ ಅದು ನನಗಿಂತ ಮೊದಲೇ ಗೊತ್ತಾಗುತ್ತಿದ್ದ ಮನುಷ್ಯ. ನನಗೆ ಅಳು ಬಂತು. ‘ಹೌದ್ರಿ, ಮುಗೀತು’ ಎಂದು ಹೇಳಿ ಗುಂಡಿ ಒತ್ತಿ ಮೋಟಾರು ಆರಿಸಿದೆ.