ಜಲಜ ಮಾಡದ ಪ್ರಾರ್ಥನೆ

ಮೊನ್ನೆ ಧೂಳುಗಾಳಿ ನಿಂತ ಮೇಲೆ ಕಿಟಕಿಯ ಸಂದಿಗಳಿಗೆ ತುರುಕಿದ್ದ ಒದ್ದೆ ಬಟ್ಟೆಗಳನ್ನು ತೆಗೆಯುತ್ತಿದ್ದೆ. ಇಪ್ಪತ್ತೆರಡು ವರ್ಷ ಕುವೈತಿನಲ್ಲಿದ್ದರೂ ಈ ಧೂಳಿನ ವಾಸನೆ ನನಗಿನ್ನೂ ಒಗ್ಗಿಲ್ಲ. ಹಳೆಯ ಸಿಮೆಂಟು ಚೀಲ ಕೊಡವಿದಂತಹ ವಾಸನೆ. ಎರಡೂ ಕೈ ಕೆಸರಾಗಿದ್ದಾಗಲೇ ಫೋನು ಸದ್ದು ಮಾಡಿತು. ನೀವೂ ನನ್ನ ಹಾಗೇ ಇರಬಹುದು. ಕೈ ತೊಳೆದು ನೋಡುವಷ್ಟು ತಾಳ್ಮೆ ಯಾರಿಗಿದೆ? ಮೊಣಕೈಯಿಂದ ಒತ್ತಿದೆ.

ಸೂಸನ್ ಒಂದು ಚಿತ್ರ ಕಳಿಸಿದ್ದಳು. ಸೂಸನ್ ಕೇರಳದವಳು, ನರ್ಸು, ಹಳೆಯ ಪರಿಚಯ. ಚಿತ್ರದಲ್ಲಿ ಅಂಚೆಕಾರ್ಡಿನಷ್ಟು ಅಗಲದ ದಪ್ಪ ಕಾಗದ, ಅದರ ಮೇಲೆ ರೂತ್ ಅವರ ಓರೆ ಅಕ್ಷರದಲ್ಲಿ ಇಂಗ್ಲಿಷಿನ ಒಂದೇ ಸಾಲು. ಕನ್ನಡದಲ್ಲಿ ಹೇಳುವುದಾದರೆ, ‘ದೇವರೇ, ಯಾರ ಹೆಸರನ್ನೂ ಮರೆಯಬೇಡ.’ ಅದರ ಕೆಳಗೆ ಚಿಕ್ಕದಾಗಿ, ‘ಜಲಜಳ ಪ್ರಾರ್ಥನೆ, ಸಲ್ವಾ.’

ಹೋದ ತಿಂಗಳು ಇಂಗ್ಲೆಂಡಿನಲ್ಲಿ ರೂತ್ ತೀರಿಕೊಂಡ ಸುದ್ದಿ ನನಗೆ ತಿಳಿದಿತ್ತು. ಈ ಕಾರ್ಡು ಅವರ ಅಡುಗೆಮನೆಯ ಗೋಡೆಯ ಮೇಲೆ ಒಂಬತ್ತು ವರ್ಷ ಇತ್ತಂತೆ. ಅಲ್ಲಿಯ ಸಭೆಗಳಲ್ಲಿ ಎಷ್ಟೋ ಸಲ ಈ ಸಾಲು ಹೇಳಿದ್ದರಂತೆ. ಸೂಸನ್ ಬರೆದಿದ್ದಳು: ‘ಶುಕ್ರವಾರ ನಮ್ಮ ಮನೆಯಲ್ಲಿ ರೂತ್‌ಗಾಗಿ ಸೇರೋಣ. ಇದನ್ನು ಮೂಲ ಭಾಷೆಯಲ್ಲಿ ನೀನೇ ಓದಬೇಕು. ನಮ್ಮಲ್ಲಿ ಕನ್ನಡ ಬರುವವಳು ನೀನೊಬ್ಬಳೇ.’

ನಾನು ಕೆಸರು ಕೈಯಲ್ಲೇ ನೆಲಕ್ಕೆ ಕೂತೆ. ಆ ಪ್ರಾರ್ಥನೆಗೆ ಮೂಲವೇ ಇಲ್ಲ. ಜಲಜ ಅದನ್ನು ಮಾಡಿಯೇ ಇಲ್ಲ. ಅದನ್ನು ಕಟ್ಟಿದವಳು ನಾನು, ಚಹಾದ ಕಪ್ಪು ಹಿಡಿದುಕೊಂಡು, ಅರ್ಧ ನಿಮಿಷದಲ್ಲಿ.

ರೂತ್ ಕುವೈತಿನ ಸಲ್ವಾ ಬಡಾವಣೆಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಕ್ರೈಸ್ತರ ಕ್ವೇಕರ್ ಪಂಥದವರು. ಎಂ.ಎ.ಯಲ್ಲಿ ಇತಿಹಾಸ ಓದುವಾಗ ಈ ಪಂಥದ ಬಗ್ಗೆ ಎರಡು ಪುಟ ಓದಿದ್ದೆ: ಯುದ್ಧಕ್ಕೆ ಹೋಗದವರು, ನ್ಯಾಯಾಲಯದಲ್ಲೂ ಆಣೆ ಇಡದವರು, ಗುಲಾಮಗಿರಿಯ ವಿರುದ್ಧ ಮೊದಮೊದಲು ದನಿ ಎತ್ತಿದವರ ಪೈಕಿಯವರು. ಆಣೆ ಏಕಿಲ್ಲವೆಂದರೆ, ಆಣೆ ಇಟ್ಟಾಗ ಮಾತ್ರ ನಿಜ ಹೇಳುವುದು ಉಳಿದ ಹೊತ್ತು ಸುಳ್ಳು ಹೇಳಲು ಅನುಮತಿ ಪಡೆದಂತೆ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅಂಥವರೊಬ್ಬರನ್ನು ಮುಖತಃ ನೋಡಿದಾಗ ಪುಸ್ತಕದ ಹಾಳೆಯಿಂದ ಯಾರೋ ಎದ್ದು ಬಂದಂತಾಯಿತು. ಅವರಿಗೆ ಮಿಸೆಸ್, ಮ್ಯಾಡಮ್ ಯಾವುದೂ ಆಗದು, ಬರೀ ರೂತ್ ಅನ್ನಬೇಕು. ಕನ್ನಡದಲ್ಲಿ ಬರೆಯುವಾಗ ‘ಅವಳು’ ಅನ್ನಲು ನನ್ನ ಕೈ ಏಳುವುದಿಲ್ಲ. ಈ ಬಹುವಚನವನ್ನು ಅವರು ಒಪ್ಪುತ್ತಿರಲಿಲ್ಲ, ಇರಲಿ.

ತಿಂಗಳಿಗೆರಡು ಶುಕ್ರವಾರ ಅವರ ಮನೆಯಲ್ಲಿ ಏಳೆಂಟು ಜನ ಕೂರುತ್ತಿದ್ದೆವು. ಪಾದ್ರಿಯಿಲ್ಲ, ಹಾಡಿಲ್ಲ, ಮೇಣದಬತ್ತಿಯಿಲ್ಲ. ಒಂದು ಗಂಟೆ ಮೌನ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಬಹುದು. ಹೇಳಿದ್ದಕ್ಕೆ ಯಾರೂ ಉತ್ತರ ಕೊಡುವಂತಿಲ್ಲ, ವಾದಿಸುವಂತಿಲ್ಲ. ಮಂಗಳೂರಿನ ಇಗರ್ಜಿಯಲ್ಲಿ ಗಂಟೆ, ಗಾಯನ, ಮೈಕಿನ ನಡುವೆ ಬೆಳೆದ ನನಗೆ ಮೊದಲ ದಿನ ನನ್ನ ಹೊಟ್ಟೆಯ ಗುಡುಗುಡು ಸದ್ದೇ ಪ್ರವಚನದಂತೆ ಕೇಳಿತ್ತು. ನನ್ನ ಗಂಡ ವಿಲ್ಲಿ ಕೇಳಿದ್ದ, “ಪಾದ್ರಿ ಇಲ್ಲ, ಕೊಯರ್ ಇಲ್ಲ, ಮೇಲೆ ಯಾರೂ ಮಾತಾಡುದಿಲ್ಲ. ಹಾಗಾದರೆ ಮನೆಯಲ್ಲೇ ಮಲಗಬಹುದಲ್ಲ ಮಾರಾಯ್ತಿ?”

ನಾನು ಹೋಗುತ್ತಿದ್ದದ್ದು ಯಾಕೆ? ಶಾಂತಿಗಾಗಿ ಅಂತ ಆಗ ಹೇಳುತ್ತಿದ್ದೆ. ಈಗ ಅನಿಸುತ್ತದೆ, ಅಂಥ ಜನರ ನಡುವೆ ಕೂತಿದ್ದೇನೆ ಅನ್ನುವ ಹೆಮ್ಮೆಯೂ ಇತ್ತು. ನಾನು ಕಲಿಸುತ್ತಿದ್ದ ಖೈತಾನಿನ ಶಾಲೆಯ ಸ್ಟಾಫ್‌ರೂಮಿನಲ್ಲಿ ನಾನು ಯುದ್ಧದ ವಿರುದ್ಧ, ಕಫೀಲ್ ಪದ್ಧತಿಯ ವಿರುದ್ಧ ಬಹಳ ಮಾತಾಡುತ್ತಿದ್ದೆ. ನಮ್ಮನ್ನು ಈ ದೇಶದಲ್ಲಿ ಇರಿಸಿಕೊಂಡ ಮಾಲೀಕನೇ ಕಫೀಲ್. ವಿಲ್ಲಿಯ ಪಾಸ್‌ಪೋರ್ಟನ್ನು ಅವನ ಕಂಪನಿಯವರು ಬೀಗ ಹಾಕಿ ಇಟ್ಟುಕೊಂಡಾಗ ನಾನು ಊಟ ಬಿಟ್ಟು ಕೂಗಾಡಿದ್ದೆ.

ಅದೇ ಹೊತ್ತಿನಲ್ಲಿ ನನ್ನ ಬೆಡ್‌ರೂಮಿನ ಕಪಾಟಿನಲ್ಲಿ, ಮದುವೆಯ ಸೀರೆಯ ಕೆಳಗೆ, ಜಲಜಳ ಪಾಸ್‌ಪೋರ್ಟ್ ಇತ್ತು.

ಜಲಜ ಕುಂದಾಪುರದ ಕಡೆಯವಳು. ನಮ್ಮ ಮನೆಗೆಲಸಕ್ಕೆಂದು ವಿಲ್ಲಿಯೇ ವೀಸಾ ಮಾಡಿಸಿ ಕರೆಸಿಕೊಂಡವಳು. ಅಂದರೆ ಅವಳ ಕಫೀಲ್ ನಾವೇ. ಆ ಶಬ್ದವನ್ನು ನಮ್ಮ ಮೇಲೆ ನಾನು ಒಮ್ಮೆಯೂ ಬಳಸಿರಲಿಲ್ಲ. ‘ಮ್ಯಾಡಮ್ ಅನ್ನಬೇಡ, ಅಕ್ಕ ಅನ್ನು’ ಎಂದಿದ್ದೆ, ನಾವು ತಿಂದದ್ದನ್ನೇ ಅವಳಿಗೂ ಬಡಿಸುತ್ತಿದ್ದೆ. ಪಾಸ್‌ಪೋರ್ಟ್ ಇಟ್ಟುಕೊಂಡದ್ದು ಕಳೆದುಹೋಗದಿರಲಿ ಅಂತ. ಎಲ್ಲರೂ ಹಾಗೆಯೇ ಹೇಳುತ್ತಾರೆ. ವಿಲ್ಲಿಯ ಕಂಪನಿಯವರೂ ಹಾಗೆಯೇ ಹೇಳಿದ್ದರು.

ಆ ಶುಕ್ರವಾರ ಮಾರ್ಚಿನದ್ದೋ ಏಪ್ರಿಲಿನದ್ದೋ, ನಮ್ಮ ಮಕ್ಕಳಿಗೆ ಪರೀಕ್ಷೆ ಹತ್ತಿರವಿತ್ತೆಂಬುದಷ್ಟೇ ಖಾತ್ರಿ. ಚಹಾದ ಜೊತೆಗೆ ಸಾನ್ನಾ, ಅಂದರೆ ನಮ್ಮ ಕಡೆಯ ಇಡ್ಲಿ, ಮಾಡಿಕೊಂಡು ಹೋಗುವುದಿತ್ತು. ಪಾತ್ರೆ ಹಿಡಿದುಕೊಳ್ಳಲು ಜಲಜಳನ್ನು ಕರೆದುಕೊಂಡು ಹೋದೆ. ಅವಳು ಅಡುಗೆಕೋಣೆಯತ್ತ ನಡೆದಾಗ ರೂತ್ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು, ವರ್ತುಲದಲ್ಲಿ ತಮ್ಮ ಪಕ್ಕದ ಕುರ್ಚಿ ತೋರಿಸಿದರು. ಜಲಜ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಕೂರಲು ನನ್ನ ತಲೆ ಆಡಬೇಕಿತ್ತು ಅನ್ನುವುದನ್ನು ರೂತ್ ಗಮನಿಸಿದ್ದರು ಅಂತ ಈಗ ಅನಿಸುತ್ತದೆ. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೋ.

ಮೌನ ಶುರುವಾಗುವ ಮೊದಲು ರೂತ್ ಒಂದು ಪ್ರಶ್ನೆ ಓದುವುದು ರೂಢಿ. ಉತ್ತರಕ್ಕಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಲು. ಅಂದಿನ ಪ್ರಶ್ನೆ, ‘ನಿಮ್ಮ ಮನೆಯಲ್ಲಿ ಬಾಯಿ ತೆರೆಯಲಾಗದವರು ಯಾರು?’

“ಎಂತ ಕೇಳಿದ್ರು ಅಕ್ಕ?” ಜಲಜ ಪಿಸುಗುಟ್ಟಿದಳು.

“ಮನೆಯಲ್ಲಿ ಮಾತಾಡಲಿಕ್ಕೆ ಆಗದವರು ಯಾರು ಅಂತ,” ಎಂದು ನಾನೇ ಹೇಳಿಕೊಟ್ಟೆ. ಆಮೇಲೆ ಕಣ್ಣು ಮುಚ್ಚಿ, ಯುದ್ಧ ನಡೆಯುತ್ತಿದ್ದ ದೇಶಗಳ ಬಗ್ಗೆ ಗಂಭೀರವಾಗಿ ಯೋಚಿಸತೊಡಗಿದೆ.

ಇಪ್ಪತ್ತು ನಿಮಿಷ ಕಳೆದಿರಬಹುದು. ಕುರ್ಚಿ ಸರಿದ ಸದ್ದು. ಜಲಜ ಎದ್ದು ನಿಂತಿದ್ದಳು, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

“ನನ್ನ ಅಬ್ಬಿಗೆ ಮರೆವು ಶುರುವಾಯ್ದ್,” ಎಂದಳು. ಅಬ್ಬಿ ಅಂದರೆ ಅಮ್ಮ. “ನಾನು ಹೋಗದೆ ಮೂರು ವರ್ಷ ಆಯ್ತು. ತಮ್ಮ ಫೋನು ಮಾಡ್ತಾನೆ, ಹೆಸ್ರು ಮರೆಯುವ ಮುಂಚೆ ಬಾ ಅಂತಾನೆ. ಪಾಸ್‌ಪೋರ್ಟ್ ಅಕ್ಕನ ಕಪಾಟಲ್ಲಿ ಉಂಟು. ಕೇಳಿದ್ರೆ ಪರೀಕ್ಷೆ ಮುಗೀಲಿ ಅಂತಾರೆ. ಮೊದಲು ರಂಜಾನ್ ಮುಗೀಲಿ ಅಂದಿದ್ರು. ಅಕ್ಕ ಒಳ್ಳೆಯವರು. ಆದ್ರೆ ಅಬ್ಬಿಗೆ ಪರೀಕ್ಷೆ ಗೊತ್ತಿಲ್ಲ. ಇಲ್ಲಿ ಎಲ್ಲರೂ ಸುಮ್ಮನೆ ಕೂತಿದ್ರಿ, ಹಾಗಾಗಿ ಹೇಳ್ದೆ.”

ಕೂತಳು. ಮಾತಿಗೆ ಮರುಮಾತು ಇಲ್ಲ ಅನ್ನುವ ನಿಯಮ ನನ್ನನ್ನು ಆ ಕುರ್ಚಿಗೆ ಕಟ್ಟಿಹಾಕಿತು. ಸಮಜಾಯಿಷಿ ಹೇಳುವಂತಿಲ್ಲ, ಗದರುವಂತಿಲ್ಲ. ಎದುರಿಗೆ ಕೂತವರ ಮುಖಗಳೆಲ್ಲ ಮೃದುವಾಗಿದ್ದವು. ಉಳಿದ ನಲವತ್ತು ನಿಮಿಷ ನಾನು ಮಾಡಿದ್ದು ಒಂದೇ ಲೆಕ್ಕಾಚಾರ: ಇವರಿಗೆ ಎಷ್ಟು ಅರ್ಥವಾಯಿತು?

ಚಹಾದ ಹೊತ್ತಿಗೆ ಸೂಸನ್ ನನ್ನ ಹತ್ತಿರ ಬಂದಳು. “ಅವಳು ಏನು ಹೇಳಿದಳು? ಎಷ್ಟು ಚಂದ ಕೇಳಿಸಿತು!”

ಸುತ್ತ ನಾಲ್ಕೈದು ಜನ. ರೂತ್ ಸಾನ್ನಾ ಹಂಚುತ್ತಿದ್ದವರು ತಿರುಗಿದರು. ಗೋಡೆಗೆ ಒರಗಿ ಜಲಜ ನಿಂತಿದ್ದಳು.

“ತನ್ನ ತಾಯಿಗಾಗಿ ಪ್ರಾರ್ಥಿಸಿದಳು,” ಎಂದೆ. “ತಾಯಿಗೆ ಮರೆವು ಬಂದಿದೆ. ದೇವರೇ, ನೀನಾದರೂ ಯಾರ ಹೆಸರನ್ನೂ ಮರೆಯಬೇಡ ಅಂದಳು.”

ಯಾರೋ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು, ಅದೇ ಹೇಸಿಗೆ. ನನ್ನ ಸುಳ್ಳು ನನಗೇ ಇಷ್ಟವಾಗಿತ್ತು.

ಕಾರಿನಲ್ಲಿ ಜಲಜ ಕೇಳಿದ್ದು ಒಂದೇ ಮಾತು. “ಮಾಂಜಿ ಮೀನು ಹುರಿಯುದಾ ಅಕ್ಕ, ಸಾರು ಮಾಡುದಾ?”

“ಹುರಿ,” ಎಂದೆ.

ಮುಂದಿನ ಸಲ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ರೂತ್ ಮೆಲ್ಲಗೆ ಕೇಳಿದ್ದರು: “ಜಲಜಳ ಪಾಸ್‌ಪೋರ್ಟ್ ಎಲ್ಲಿದೆ?” “ಮನೆಯಲ್ಲೇ ಇದೆ,” ಎಂದೆ. ಸುಳ್ಳಲ್ಲವಲ್ಲ! ಅವರು ಸ್ವಲ್ಪ ಹೊತ್ತು ಕಾದರು. ನಾನು ಚಪ್ಪಲಿಯ ಪಟ್ಟಿ ಬಿಗಿಯುತ್ತಲೇ ಇದ್ದೆ. ಆ ಬೇಸಿಗೆಯಲ್ಲಿ ರೂತ್ ನಿವೃತ್ತರಾಗಿ ಊರಿಗೆ ಹೊರಟುಹೋದರು.

ಜಲಜಳನ್ನು ಕಳಿಸಿದ್ದು ಮತ್ತೂ ನಾಲ್ಕು ತಿಂಗಳು ಬಿಟ್ಟು, ಮಕ್ಕಳ ಶಾಲೆ ಮುಗಿಸಿ, ನಮಗೆ ಬೇರೆ ವ್ಯವಸ್ಥೆ ಆದ ಮೇಲೆ. ಅವಳು ಮನೆ ಹೊಕ್ಕಾಗ ಅಬ್ಬಿ ಜಗಲಿಯಲ್ಲೇ ಕೂತಿದ್ದರಂತೆ. ‘ಯಾರ ಮನೆಯವರು ನೀವು? ಕೂತ್ಕಣಿ, ನೀರು ಬೇಕಾ?’ ಅಂದರಂತೆ. ಮಗಳಿಗೆ ಬಹುವಚನ. ಬದುಕಿದ್ದ ಇನ್ನೂ ಎರಡು ವರ್ಷ ಅವರು ಅವಳ ಹೆಸರು ಹೇಳಲಿಲ್ಲ. ಜಲಜ ಇದನ್ನು ಫೋನಿನಲ್ಲಿ ನನಗೆ ಹೇಳಿದಾಗ ‘ಅಯ್ಯೋ ಪಾಪ’ ಎಂದಿದ್ದೆ. ಆ ಎರಡು ಶಬ್ದ ನನಗೆ ಸ್ಪಷ್ಟವಾಗಿ ನೆನಪಿದೆ. ಇಂಥ ಕಡೆ ನೆನಪು ಕೈಕೊಡುವುದಿಲ್ಲ.

ಸೂಸನಳ ಚಿತ್ರ ನೋಡಿದ ಮೇಲೆ ಹಳೆಯ ದಿನಚರಿ ಹುಡುಕಿದೆ. ದಿನಚರಿ ಬರೆಯುವವರಿಗೆ ಒಂದು ಅಹಂಕಾರವಿರುತ್ತದೆ ನೋಡಿ, ಬೇರೆಯವರು ಮರೆತದ್ದು ನಮ್ಮಲ್ಲಿ ಭದ್ರವಾಗಿದೆ ಅಂತ. ಸಿಕ್ಕಿತು. ಪುಟಕ್ಕೆ ತಾರೀಖು ಹಾಕಿರಲಿಲ್ಲ. ‘ರೂತ್ ಮನೆಯಲ್ಲಿ ಮೌನಸಭೆ. ಜಲಜ ಒಂದು ಚಂದದ ಪ್ರಾರ್ಥನೆ ಮಾಡಿದಳು, ಎಲ್ಲರ ಮನಸ್ಸು ಕರಗಿತು. ಬರುವಾಗ ಒಳ್ಳೆಯ ಮಾಂಜಿ ಸಿಕ್ಕಿತು.’ ನನ್ನದೇ ಅಕ್ಷರ. ಯಾರೂ ಓದದ ಪುಸ್ತಕ. ಅಲ್ಲಿ ಯಾರಿಗೆ ಸುಳ್ಳು ಹೇಳುತ್ತಿದ್ದೆ? ಇನ್ನು ಹತ್ತು ವರ್ಷ ಬಿಟ್ಟು ಓದಿದ್ದರೆ ನಾನೇ ಇದನ್ನು ನಂಬುತ್ತಿದ್ದೆ.

ಜಲಜಳಿಗೆ ಫೋನು ಮಾಡಿದೆ. ಈಗ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದ್ದು. “ಅಕ್ಕ, ಸಾಂಬಾರಿಗೆ ಒಗ್ಗರಣೆ ಹಾಕ್ತಾ ಇದ್ದೇನೆ, ಮಕ್ಕಳು ಬಟ್ಟಲು ಬಡೀತಾ ಇದ್ದಾರೆ. ನಾನೇ ಮಾಡ್ತೆ,” ಎಂದು ಇಟ್ಟಳು. ಎರಡು ಗಂಟೆ ಕಾದೆ. ಇನ್ನೊಬ್ಬರ ಬಿಡುವಿಗಾಗಿ ಕಾಯುವುದು ನನಗೆ ಅಷ್ಟು ಅಭ್ಯಾಸವಿಲ್ಲ.

ಅವಳು ಮಾಡಿದಾಗ ಎಲ್ಲ ಹೇಳಿದೆ. ಕಾರ್ಡು, ರೂತ್, ನನ್ನ ಸುಳ್ಳು.

“ಅದು ಗೊತ್ತಿತ್ತಲ್ಲ ನಂಗೆ,” ಎಂದಳು.

“ಹೇಗೆ?”

“ಎಂತ ಅಕ್ಕ, ಮೂರು ವರ್ಷ ಕುವೈತಲ್ಲಿ ಇದ್ದವಳಿಗೆ ಮದರ್, ಗಾಡ್, ಪ್ರೇಯರ್ ಇಷ್ಟು ತಿಳಿಯುದಿಲ್ವಾ? ನಿಮ್ಮ ಬಾಯಲ್ಲಿ ಪಾಸ್‌ಪೋರ್ಟ್ ಅಂತ ಬರ್ಲೇ ಇಲ್ಲ. ಅದು ಇಂಗ್ಲಿಷಲ್ಲೂ ಪಾಸ್‌ಪೋರ್ಟೇ ಅಲ್ದಾ? ಅವ್ರಿಗೂ ಕೇಳಿರ್ತದೆ.”

ಒಂಬತ್ತು ವರ್ಷ ಇದು ನನಗೆ ಹೊಳೆದಿರಲಿಲ್ಲ. ಅವಳು ಆಡಿದ ಅಷ್ಟೂ ಮಾತಿನಲ್ಲಿ ಆ ಕೋಣೆಯ ಎಲ್ಲರಿಗೂ ತಿಳಿಯುವ ಶಬ್ದ ಒಂದಿತ್ತು. ಎಲ್ಲರೂ ಕೇಳಿಸಿಕೊಂಡರು, ಆಮೇಲೆ ನನ್ನ ಪ್ರಾರ್ಥನೆಯನ್ನು ಒಪ್ಪಿಕೊಂಡರು. ರೂತ್ ಬಾಗಿಲಲ್ಲಿ ನಿಂತು ಕೇಳಿದ್ದು ಅದಕ್ಕೇ. ಹಾಗಿದ್ದರೆ ಆ ಕಾರ್ಡನ್ನು ಗೋಡೆಗೆ ಅಂಟಿಸಿಕೊಂಡದ್ದು ಯಾಕೆ? ನಂಬಿದ್ದಕ್ಕೋ, ಅಥವಾ ತಾವು ಇನ್ನೊಮ್ಮೆ ಕೇಳದೆ ಬಿಟ್ಟದ್ದು ದಿನಾ ಕಣ್ಣಿಗೆ ಚುಚ್ಚಲಿ ಅಂತಲೋ? ಗೊತ್ತಿಲ್ಲ. ಸತ್ತವರ ಮನಸ್ಸನ್ನೂ ನಾನು ಅನುವಾದ ಮಾಡತೊಡಗಿದರೆ ಕಷ್ಟ.

“ಮತ್ತೆ ಯಾಕೆ ಸುಮ್ಮನಿದ್ದೆ ಜಲಜ?”

“ಪಾಸ್‌ಪೋರ್ಟ್ ನಿಮ್ಮ ಹತ್ರ ಇತ್ತಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ದಿನ ಅವಳು ಹೇಳಿದ್ದನ್ನೇ ಶುಕ್ರವಾರ ಓದುತ್ತೇನೆ, ನಿನ್ನ ಒಪ್ಪಿಗೆ ಇದ್ದರೆ ಮಾತ್ರ, ಎಂದೆ. ದೂರದಲ್ಲಿ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. “ಓದಿ ಕಾಂಬ,” ಎಂದಳು. ನೆನಪಿನಿಂದ ಬರೆದುಕೊಂಡದ್ದನ್ನು ಓದಿದೆ. ಹ್ಞೂಂ, ಹ್ಞೂಂ ಅನ್ನುತ್ತಿದ್ದವಳು ಒಂದು ಕಡೆ ತಡೆದಳು.

“ಅಕ್ಕ ಒಳ್ಳೆಯವರು ಅಂತ ನಾನು ಹೇಳ್ಲಿಲ್ಲ.”

“ಹೇಳಿದ್ದೆ ಜಲಜ. ನನಗೆ ನೆನಪುಂಟು.”

“ಆ ದಿವ್ಸ ಹಾಗೆ ಹೇಳುಕೆ ನಂಗೆ ಮನಸ್ಸು ಬರ್ತಿತ್ತಾ? ನೀವೇ ಯೋಚ್ನೆ ಮಾಡಿ ಕಾಣಿ.”

ಯೋಚನೆ ಮಾಡಿದೆ. ಇಷ್ಟು ವರ್ಷ ಆ ಮೂರು ವರ್ಷಗಳ ಸುತ್ತ, ಆ ಪರೀಕ್ಷೆಗಳ ಸುತ್ತ ನಾನು ಕಟ್ಟಿಕೊಂಡಿದ್ದ ಸಮಾಧಾನವೆಲ್ಲ ‘ಅಕ್ಕ ಒಳ್ಳೆಯವರು’ ಅನ್ನುವ ಆ ಎರಡು ಶಬ್ದಗಳ ಮೇಲೆ ನಿಂತಿತ್ತು. ಅವಳು ಹೇಳಿದ್ದಿರಬಹುದು, ನಾನು ಸೇರಿಸಿದ್ದಿರಬಹುದು. ನಿಮಗೆ ಮೇಲೆ ಹೇಳುವಾಗಲೂ ಸೇರಿಸಿಯೇ ಹೇಳಿದ್ದೇನೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ, ನಾನು ಎಂಥ ಸಾಕ್ಷಿ ಅಂತ ನಿಮಗೆ ಗೊತ್ತಿರಲಿ. ಓದುವ ಹಾಳೆಯಲ್ಲಿ ಮಾತ್ರ ಗೆರೆ ಎಳೆದೆ. ಉಳಿದದ್ದನ್ನು ಮೊದಲಿನಿಂದ ಓದಿ ಹೇಳಿದೆ.

“ಈಗ ಸಮ ಆಯ್ತು,” ಎಂದಳು. “ಕನ್ನಡದಲ್ಲಿ ಮೊದಲು ಓದಿ, ಮತ್ತೆ ಇಂಗ್ಲಿಷಲ್ಲಿ. ಮತ್ತೆ ಅಕ್ಕ, ಓದುವಾಗ ಮರ್ಕಬೇಡಿ.”

“ಅಳಬಾರದಾ? ಯಾಕೆ?”

“ನೀವು ಅತ್ರೆ ಅವ್ರು ಪುನಃ ಪ್ರಾರ್ಥನೆ ಅಂತ ತಿಳ್ಕಂತಾರೆ.”

ನಾಳೆ ಶುಕ್ರವಾರ. ವಿಲ್ಲಿಯನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ನೋಡಿದೆ. ಮೊದಲ ಸಲ ‘ಕಪಾಟು’ ಅನ್ನುವಲ್ಲಿ ದನಿ ಒಡೆಯಿತು. ಎರಡನೆಯ ಸಲ ‘ಪರೀಕ್ಷೆ’ ಅನ್ನುವಲ್ಲಿ. ಮೂರನೆಯ ಸಲ ಕೊನೆಯವರೆಗೂ, ಲೈಟು ಬಿಲ್ಲು ಓದುವ ಹಾಗೆ, ಓದಿ ಮುಗಿಸಿದೆ. ವಿಲ್ಲಿ ಏನಾದರೂ ತಮಾಷೆ ಮಾಡುತ್ತಾನೆಂದು ಕಾದೆ. ಅವನು ತಲೆ ತಗ್ಗಿಸಿಕೊಂಡೇ ಇದ್ದ.