ಹೊಸ್ತಿಲ ಮೇಲೆ ಕೂತ ಬುರುಲ್

ನಾರಿನ್ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ತಪ್ಪು ಸೊಸೆಯದೇ. ಬುರುಲ್ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಅಂಗಳ ಗುಡಿಸಿ, ಹಾಲು ಕರೆದು, ರೊಟ್ಟಿ ಸುಟ್ಟು, ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟ ಮೇಲೆ ತನ್ನ ಬಟ್ಟಲು ಹುಡುಕುವವಳು.

ಹದಿನೈದರ ಮಗಳು ಮೇರಿಮ್‌ಗೆ ಕೆಮ್ಮು ಶುರುವಾದಾಗಲೂ ಹಾಗೆಯೇ ಆಯಿತು. ಒದ್ದೆ ತಲೆಯಲ್ಲಿ ಶಾಲೆಗೆ ಕಳಿಸಿದೆ ಎಂದು ಗಂಡ ಬೈದ. ದೃಷ್ಟಿ ತಗುಲಿದೆ ಎಂದು ಅತ್ತೆ ಕಾಲಿಪಾ ತೀರ್ಮಾನಿಸಿದಳು. ದಿನಾ ಸಂಜೆ ಬಾಣಲೆಯಲ್ಲಿ ದೃಷ್ಟಿ ತೆಗೆಯುವ ಆದ್ರಶ್ಮಾನ್ ಸೊಪ್ಪು ಸುಟ್ಟು, ಹುಡುಗಿಯ ತಲೆಯ ಸುತ್ತ ಹೊಗೆ ಸುಳಿಸುವ ಕೆಲಸವೂ ಬುರುಲ್ ಪಾಲಿಗೇ ಬಂತು. ಕೆಮ್ಮು ಹೆಚ್ಚಿದಷ್ಟೂ ಹೊಗೆ ಹೆಚ್ಚಿತು. ಉಸಿರು ಸಿಗದ ಮಗುವಿಗೆ ಆ ಮನೆ ಎರಡು ತಿಂಗಳು ಹೊಗೆ ಕುಡಿಸಿತು.

ಶಾಲೆಯ ಕೋಟು ಒಗೆಯುವಾಗ ಅದರ ಒಳಪದರದಲ್ಲಿ ಬೆರಳುದ್ದದ ಗುಲಾಬಿ ಕೊಳವೆ ಸಿಕ್ಕಿತು. ಕರಬೂಜದ ವಾಸನೆ. ಮಗಳ ಬಾಯಿಯ ಆ ವಾಸನೆ ಮಿಠಾಯಿಯದೆಂದು ಬುರುಲ್ ನಂಬಿದ್ದಳು. ಮೊದಲ ಸಲ ಅತ್ತೆಯನ್ನು ಕೇಳದೆ, ಕೊಳವೆಯನ್ನೂ ಹಿಡಿದು, ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು.

"ಇದು ಇ-ಸಿಗರೇಟು, ಬರೀ ನೀರಿನ ಹಬೆ ಅಲ್ಲ ಕಣಮ್ಮ," ಎಂದಳು ವೈದ್ಯೆ. "ಉಸಿರಿನ ನಾಳ ಊದ್ಕೊಂಡಿದೆ. ಇದ್ರಲ್ಲಿ ನಿಕೋಟಿನ್ ಇರುತ್ತೆ, ಬೆಳೆಯೋ ಮಿದುಳಿಗೆ ಬೇಗ ಚಟ ಹಿಡಿಸುತ್ತೆ. ಇನ್ಮೇಲೆ ಯಾವ ಹೊಗೆನೂ ಬೇಡ, ನಿಮ್ಮ ಸೊಪ್ಪಿಂದೂ." ಇಷ್ಟು ದಿನ ತಾಯಿಯಾದವಳು ಏನು ಮಾಡುತ್ತಿದ್ದಳು ಎಂದೂ ಕೇಳಿದಳು. ಏಳು ಜನರ ಬಟ್ಟೆ ಒಗೆಯುತ್ತಿದ್ದಳು. ಅದಕ್ಕೇ ಕೊಳವೆ ಸಿಕ್ಕಿದ್ದು. ತಂದೆ ಏನು ಮಾಡುತ್ತಿದ್ದ ಎಂದು ಯಾರೂ ಕೇಳಲಿಲ್ಲ.

ಎರಡೇ ದಿನಕ್ಕೆ ಮೇರಿಮ್ ಅತ್ತಳು. "ಬಿಡಕ್ಕಾಗ್ತಿಲ್ಲಮ್ಮ. ಕೈ ನಡುಗುತ್ತೆ. ಶಾಲೆಯಿಂದ ಇದನ್ನ ಮಾರೋ ಅಂಗಡಿ ಮುಂದೇನೇ ಬರ್ಬೇಕಲ್ಲ."

ಮಕ್ಕಳಿಗೆ ಇದನ್ನು ಮಾರಬೇಡ ಎನ್ನಲು ಬುರುಲ್ ಹೋದಳು. ಅಂಗಡಿಯಲ್ಲಿ ಚಾಕೊಲೇಟಿನ ಪಕ್ಕದಲ್ಲೇ ಕೊಳವೆಗಳ ಡಬ್ಬ. ಬರೀ ಹಣ್ಣಿನ ಹಬೆ ಎಂದು ಅಂಗಡಿಯ ಸಾಪರ್ಬೆಕ್ ನಕ್ಕ. "ಮೊದ್ಲು ಮಗಳನ್ನ ನೆಟ್ಟಗೆ ಬೆಳೆಸು ತಂಗಿ."

ಬುರುಲ್ ದಿನಾ ಶಾಲೆ ಬಿಡುವ ಹೊತ್ತಿಗೆ ಅವನ ಹೊಸ್ತಿಲ ಮೇಲೆ ಕೂತಳು. ನಮ್ಮಲ್ಲಿ ಹೊಸ್ತಿಲ ಮೇಲೆ ಕೂರುವುದು ಅಪಶಕುನ. ಕೂತ ಹೆಂಗಸನ್ನು ದಾಟಿ ಯಾರೂ ಒಳಗೆ ಹೋಗುವುದಿಲ್ಲ. ಮಕ್ಕಳು ನಿಂತು ನೋಡಿ ಹೊರಟರು. ಸಕ್ಕರೆಗೆ ಬಂದವರೂ ಹಿಂದಿರುಗಿದರು.

"ಏಳು ತಂಗಿ, ಅಂಗಡಿಗೆ ದರಿದ್ರ ಹತ್ಕೊಳ್ಳುತ್ತೆ."

"ಹತ್ಕೊಳ್ಳಲಿ. ಆ ಡಬ್ಬ ತೆಗಿ, ಏಳ್ತೀನಿ."

ಮೂರನೆಯ ದಿನ ಅತ್ತೆಯೇ ಬಂದಳು. ನೆಂಟರು ಕೂತಿದ್ದಾರೆ, ಚಹಾ ಬಗ್ಗಿಸುವವರಿಲ್ಲ ಎಂದಳು.

"ನಿಮ್ಮ ಮಗನಿಗೂ ಎರಡು ಕೈ ಇದೆ, ಅತ್ತೆ."

ಅಷ್ಟರಲ್ಲಿ ಮೇರಿಮ್ ಬಂದಳು. ಎರಡೂ ಕೈಗಳನ್ನು ಜೇಬಿನಲ್ಲಿ ಬಿಗಿಹಿಡಿದು, ಕೆಮ್ಮುತ್ತಾ, ಅಂಗಡಿಯ ಮುಂದೆ ನಿಲ್ಲದೆ ನಡೆದಳು. ಅವಳು ತಿರುವು ದಾಟುವವರೆಗೂ ತಾಯಿ ಹೊಸ್ತಿಲು ಬಿಡಲಿಲ್ಲ.